ಗುಜರಿ ಮೋಟಾರು, ವಿಎಫ್‌ಡಿ ಮತ್ತು ನನ್ನ ಮರದ ಲೇತ್

ಮರ ಕಡೆಯುವ ನನ್ನ ಲೇತ್‌ಗೆ ನಾಲ್ಕು ಮೆಟ್ಟಿಲಿನ ಪುಲ್ಲಿ. ಸ್ಪೀಡ್ ಬದಲಿಸಬೇಕಂದ್ರೆ ಪ್ರತಿ ಸಲ ನಿಲ್ಲಿಸಿ, ಬೆಲ್ಟ್ ಸಡಿಲಿಸಿ, ಕೈ ಕಪ್ಪು ಮಾಡಿಕೊಳ್ಳಬೇಕು. ಹಲಸಿನ ಹಸಿ ತುಂಡು ಕಟ್ಟಿದರಂತೂ ತೂಕ ಒಂದು ಕಡೆ ವಾಲಿ, ಅತಿ ನಿಧಾನದ ಮೆಟ್ಟಿಲಿನಲ್ಲೂ ಲೇತ್ ಕುಣಿಯುತ್ತಿತ್ತು.

ಮೊದಲು ತಂದಿದ್ದು ಹಳೇ ಟ್ರೆಡ್‌ಮಿಲ್‌ನ ಡಿಸಿ ಮೋಟಾರು. ಲೇಬಲ್ ಮೇಲೆ ಎರಡೂವರೆ ಎಚ್‌ಪಿ ಅಂತಿದೆ, ಆದರೆ ಅದು ಸಾವಿರಾರು ಆರ್‌ಪಿಎಂನಲ್ಲಿ ಓಡುವಾಗಿನ ಲೆಕ್ಕ. ನನಗೆ ಬೇಕಾದ ನಿಧಾನಕ್ಕೆ ಇಳಿಸಿದರೆ ಶಕ್ತಿಯೇ ಇಲ್ಲ. ಮೈ ತೆರೆದ ಮೋಟಾರು ಬೇರೆ, ಮರದ ಪುಡಿ ಒಳಗೆ ಹೋಗುತ್ತೆ, ಅಲ್ಲೇ ಕಾರ್ಬನ್ ಬ್ರಷ್ ಕಿಡಿ. ಅಟ್ಟಕ್ಕೆ ಹಾಕಿದೆ.

ಆಮೇಲೆ ವಿಎಫ್‌ಡಿ ಹಾಕೋಣ ಅಂದುಕೊಂಡೆ. ಅದು ಕರೆಂಟಿನ ಫ್ರೀಕ್ವೆನ್ಸಿ (ಹರ್ಟ್ಸ್) ಬದಲಿಸಿ ತ್ರೀ ಫೇಸ್ ಮೋಟಾರಿನ ಸ್ಪೀಡ್ ಏರಿಳಿಸುವ ಡಬ್ಬಿ. ಅದಕ್ಕಾಗಿ ಬೆಂಗಳೂರಿನ ಎಸ್‌ಪಿ ರೋಡ್ ಕಡೆ 1 ಎಚ್‌ಪಿ ತ್ರೀ ಫೇಸ್ ಮೋಟಾರು ಹುಡುಕಿದೆ, ಪೂರ್ತಿ ಮುಚ್ಚಿದ ಬಾಡಿಯದ್ದು. ಒಂದು ಅಂಗಡಿಯವರು ಹೊಸ ಬಣ್ಣ ಬಳಿದು "ವರ್ಕಿಂಗ್ ಸಾರ್" ಅಂದರು. ರಿವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಿಡಿಸಿದರೆ ವೈಂಡಿಂಗ್, ಅಂದ್ರೆ ಒಳಗಿನ ತಂತಿ ಸುರುಳಿ, ಮೋಟಾರಿನ ಲೋಹದ ಮೈಗೆ ತಗುಲಿದೆ! ವಾಪಸ್ ತಗೊಳ್ಳಲಿಲ್ಲ. ಎರಡನೇ ಅಂಗಡಿಯವರು ಮಾತು ಕಮ್ಮಿ, ಆದರೆ ಟರ್ಮಿನಲ್ ಬಾಕ್ಸ್ ಬಿಚ್ಚಿ ನೋಡಲು ಬಿಟ್ಟರು. ಅವರಿಗೆ ಪೂರ್ತಿ ಅಂಕ. ಯಾಕಂದ್ರೆ ಆಟ ಇರೋದೇ ಆ ಬಾಕ್ಸ್‌ನಲ್ಲಿ. ಪ್ಲೇಟ್ ಮೇಲೆ 415 ವೋಲ್ಟ್ ಸ್ಟಾರ್ ಅಂತಿರುತ್ತೆ. ಸ್ಟಾರ್, ಡೆಲ್ಟಾ ಅಂದ್ರೆ ಮೂರು ವೈಂಡಿಂಗ್ ಜೋಡಿಸುವ ಎರಡು ರೀತಿ, ಡೆಲ್ಟಾದಲ್ಲಿ ಕಮ್ಮಿ ವೋಲ್ಟೇಜ್ ಸಾಕು. ಮನೆಯ ಸಿಂಗಲ್ ಫೇಸ್‌ನಿಂದ ಓಡುವ ವಿಎಫ್‌ಡಿ ಕೊಡೋದು 230 ವೋಲ್ಟ್ ತ್ರೀ ಫೇಸ್ ಅಷ್ಟೆ. ಆರು ಬೋಲ್ಟ್ ಇದ್ದರೆ ಪಟ್ಟಿಗಳನ್ನು ತಿರುಗಿಸಿ ಡೆಲ್ಟಾ ಮಾಡಿ, ಮುಗೀತು. ಮೂರೇ ವೈರ್ ಹೊರಗೆ ಬಂದಿದ್ದರೆ ಸ್ಟಾರ್ ಜಾಯಿಂಟು ವೈಂಡಿಂಗ್ ಒಳಗೆ ಹುದುಗಿರುತ್ತೆ, ಅದನ್ನು ಕೆದಕಿಸೋ ಬದಲು ಬೇರೆ ಮೋಟಾರು ನೋಡೋದೇ ವಾಸಿ.

ಮೋಟಾರು 2,200, ಎರಡು ಹೊಸ ಬೇರಿಂಗು 300, ವಿಎಫ್‌ಡಿ 5,500 ರೂಪಾಯಿ. ವಿಎಫ್‌ಡಿಯ ಮ್ಯಾನ್ಯುಯಲ್ ಮಾತ್ರ ಯಾರೋ ಶತ್ರು ಬರೆದ ಹಾಗಿದೆ, ಸೆಟ್ಟಿಂಗ್‌ಗೇ ಒಂದು ಭಾನುವಾರ ಹೋಯಿತು. ನಾನು ಹಳೇ ಆನ್-ಆಫ್ ಸ್ವಿಚ್ಚನ್ನು ವಿಎಫ್‌ಡಿ ಮತ್ತು ಮೋಟಾರಿನ ನಡುವೆ ಹಾಕಲು ಹೊರಟಿದ್ದೆ. ಹಾಗೆ ಮಾಡಬೇಡಿ, ಓಡುವಾಗ ಅಲ್ಲಿ ಲೈನ್ ಕಟ್ ಆದರೆ ವಿಎಫ್‌ಡಿ ಸುಡಬಹುದು. ಆ ಸ್ವಿಚ್ಚು ಅದರ ಕಂಟ್ರೋಲ್ ಟರ್ಮಿನಲ್‌ಗೆ ಹೋಗಬೇಕು. ಆಫ್ ಮಾಡಿದ ತಕ್ಷಣ ಮುಚ್ಚಳ ತೆಗೆದು ಕೈ ಹಾಕಲೂ ಬೇಡಿ, ಕೆಪಾಸಿಟರ್‌ನಲ್ಲಿ ಕರೆಂಟ್ ಸ್ವಲ್ಪ ಹೊತ್ತು ಉಳಿದಿರುತ್ತೆ.

ಈಗ ಹಲಸಿನ ತುಂಡು ಕಟ್ಟಿ, ನಿಧಾನಕ್ಕೆ ಶುರು ಮಾಡಿ, ನಾಬ್ ತಿರುಗಿಸುತ್ತಾ ಹೋಗ್ತೀನಿ. ಲೇತ್ ನಡುಗೋಕೆ ಶುರುವಾದ ಕಡೆ ಒಂಚೂರು ಇಳಿಸಿದರೆ ಸಾಕು, ಸುಮ್ಮನಾಗುತ್ತೆ. ಈ ಸುಖಕ್ಕೆ ಎಂಟು ಸಾವಿರ ಜಾಸ್ತಿ ಅನ್ನಿಸಲೇ ಇಲ್ಲ.

ಹಾಗಂತ ಪುಲ್ಲಿ ಕಿತ್ತೆಸೆಯಬೇಡಿ. 50 ಹರ್ಟ್ಸ್‌ನಲ್ಲಿ 1440 ಆರ್‌ಪಿಎಂ ಓಡೋ ಮೋಟಾರು 25ರಲ್ಲಿ 720ರ ಆಸುಪಾಸು ಓಡುತ್ತೆ, ಆದರೆ ಶಕ್ತಿಯೂ ಅರ್ಧ. ದೊಡ್ಡ ಬಟ್ಟಲಿಗೆ ಬೆಲ್ಟನ್ನು ನಿಧಾನದ ಮೆಟ್ಟಿಲಿಗೆ ಹಾಕಿದರೇನೇ ಉಳಿ ಕಚ್ಚಿದಾಗ ನಿಲ್ಲಲ್ಲ. 15 ಹರ್ಟ್ಸ್‌ಗಿಂತ ಕೆಳಗೆ ತುಂಬಾ ಹೊತ್ತು ಓಡಿಸಿದರೆ ಮೋಟಾರಿನ ಫ್ಯಾನೂ ನಿಧಾನ ಆಗಿ ಮೈ ಬಿಸಿ ಏರುತ್ತೆ.

ಡ್ರಿಲ್ಲಿಂಗ್ ಮೆಷಿನ್ನಿಗೂ ವಿಎಫ್‌ಡಿ ಹಾಕ್ತೀರಾ ಅಂತ ಪಕ್ಕದ ಶೆಡ್‌ನವರು ಕೇಳಿದರು. ಇಲ್ಲ. ಅದರ ಬೆಲ್ಟಿನ ಮೆಟ್ಟಿಲು ನಾನು ವಾರಕ್ಕೊಮ್ಮೆ ಬದಲಿಸಿದರೆ ಹೆಚ್ಚು.