ಪಾಲಿಕೆ ಶಾಲೆ, ಸರ್ಕಾರಿ ಶಾಲೆ: ಎರಡರಲ್ಲೂ ಓದಿಸಿ ನೋಡಿದ್ದು

ಬೆಂಗಳೂರಲ್ಲಿ ತುಂಬಾ ಜನ ಪಾಲಿಕೆ ಶಾಲೆ, ಸರ್ಕಾರಿ ಶಾಲೆ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಒಂದೇ ಅಲ್ಲ. ಸರ್ಕಾರಿ ಶಾಲೆ ಶಿಕ್ಷಣ ಇಲಾಖೆಯದ್ದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕೈಕೆಳಗೆ ಬರುತ್ತದೆ. ಪಾಲಿಕೆ ಶಾಲೆ, ಅಂದರೆ ಕಾರ್ಪೊರೇಷನ್ ಶಾಲೆ, ನಡೆಯೋದು ಪಾಲಿಕೆ ಬಜೆಟ್‌ನಲ್ಲಿ. ನನ್ನ ಮಗ ಸರ್ಕಾರಿ ಶಾಲೆಯಲ್ಲಿ, ಮಗಳು ಪಾಲಿಕೆ ಹೈಸ್ಕೂಲಲ್ಲಿ ಓದಿದರು.

ಚಿಕ್ಕ ಮಕ್ಕಳಿಗೆ ನನ್ನ ವೋಟು ಸರ್ಕಾರಿ ಶಾಲೆಗೆ. ಕಾರಣ ನಲಿ-ಕಲಿ ಅನ್ನೋ ಕಲಿಸುವ ಪದ್ಧತಿ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ, ಗೋಡೆಗೆ ಅವರ ಕೈಗೆ ಎಟುಕೋ ಎತ್ತರದಲ್ಲಿ ಕಪ್ಪು ಹಲಗೆ ಇರುತ್ತದೆ, ಮೇಲೆ ದಾರಕ್ಕೆ ಅವರೇ ಬರೆದ ಚಿತ್ರಗಳು ತೂಗಾಡುತ್ತಿರುತ್ತವೆ. ಮಗು ತಾನು ಕಲಿಯಬೇಕಾದ ಪಾಠದ ಕಾರ್ಡು ಹುಡುಕಿಕೊಂಡು ಬಂದು ಕಲಿಯಬೇಕು. ಜ್ವರ ಬಂದು ವಾರ ತಪ್ಪಿಸಿಕೊಂಡರೂ ಬಿಟ್ಟ ಕಾರ್ಡಿನಿಂದಲೇ ಶುರು. ನನ್ನ ಮಗನಿಗೆ ಓದು ಸ್ವಲ್ಪ ನಿಧಾನ. ಅವನಿಗೆ ಇದರಿಂದ ಆದ ಉಪಕಾರ ಅಷ್ಟಿಷ್ಟಲ್ಲ.

ಬಿಸಿಯೂಟ, ಪಠ್ಯಪುಸ್ತಕ ಎರಡೂ ಕಡೆ ಉಚಿತ. ಎಸ್ಸೆಸ್ಸೆಲ್ಸಿ ಪರೀಕ್ಷೆನೂ ಒಂದೇ.

ಹೈಸ್ಕೂಲಿಗೆ ಬಂದರೆ ನಾನು ಪಾಲಿಕೆ ಕಡೆ. ಪಾಲಿಕೆಗೆ ಪಿಯು ಕಾಲೇಜು, ಡಿಗ್ರಿ ಕಾಲೇಜೂ ಇವೆ, ಹಾಗಾಗಿ ಹತ್ತನೇ ಕ್ಲಾಸ್ ಆದ ಮೇಲೆ ಹೆಣ್ಣುಮಕ್ಕಳ ಓದು ನಿಲ್ಲಿಸೋಕೆ ಮನೆಯವರಿಗೆ ನೆಪ ಸಿಗೋದು ಕಷ್ಟ. ಮಗಳಿಗೆ ಗಣಿತ ಹೇಳಿಕೊಟ್ಟ ಮೇಡಂ ಗುತ್ತಿಗೆ ಮೇಲೆ ಇದ್ದವರು. ಸಂಜೆ ಕೂರಿಸಿಕೊಂಡು ತ್ರಿಕೋನಮಿತಿ ಲೆಕ್ಕ ಮಾಡಿಸುತ್ತಿದ್ದರು. ಇಂಥವರಿಗೇ ಮುಂದಿನ ಜೂನ್‌ನಲ್ಲಿ ಕೆಲಸ ಇರುತ್ತೋ ಇಲ್ಲವೋ ಗೊತ್ತಿರಲ್ಲ ಅಂದರೆ ಹೊಟ್ಟೆ ಉರಿಯುತ್ತೆ. ಅತಿಥಿ ಶಿಕ್ಷಕರು ಸರ್ಕಾರಿ ಶಾಲೆಯಲ್ಲೂ ಇದ್ದಾರೆ, ಆದರೆ ಪಾಲಿಕೆಯಲ್ಲಿ ಗುತ್ತಿಗೆಯವರು ತುಂಬಾ ಜಾಸ್ತಿ.

ನಿಜವಾದ ವ್ಯತ್ಯಾಸ ಗೊತ್ತಾಗೋದು ಏನಾದರೂ ಕೆಟ್ಟಾಗ. ಟಾಯ್ಲೆಟ್ಟಿನ ಚಿಲಕ ಕಿತ್ತು ಬಂತು ಅಂದುಕೊಳ್ಳಿ. ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದೆ, ಅಧ್ಯಕ್ಷರು ನಮ್ಮ ಹಾಗೇ ಒಬ್ಬ ಮಗುವಿನ ಅಪ್ಪನೋ ಅಮ್ಮನೋ, ಬೀದಿಯಲ್ಲಿ ಸಿಕ್ಕಾಗ ನಿಲ್ಲಿಸಿ ಕೇಳಬಹುದು. ಪಾಲಿಕೆ ಶಾಲೆಗೆ ವಾರ್ಡಿನ ಕಾರ್ಪೊರೇಟರ್ ಹಾಗೆ ಸಿಗಬೇಕಿತ್ತು ಅಲ್ವಾ? 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ (ಆಗಿನ ಬೆಂಗಳೂರು ಪಾಲಿಕೆ) ಕೌನ್ಸಿಲ್ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಸ್ಥಳೀಯ ಸಂಸ್ಥೆಯ ಶಾಲೆಗೆ ಸ್ಥಳೀಯವಾಗಿ ಉತ್ತರ ಕೊಡೋ ಚುನಾಯಿತ ಮನುಷ್ಯನೇ ಇಲ್ಲದ ಹಾಗಾಯಿತು.

ಸೇರಿಸೋಕೆ ಮುಂಚೆ ಹೆಡ್‌ಮಾಸ್ಟರ್ ಹತ್ತಿರ ಒಂದು ಕೇಳಿ: ಹತ್ತನೇ ಕ್ಲಾಸಿಗೆ ಗಣಿತ, ವಿಜ್ಞಾನ ಮಾಡುವವರು ಕಾಯಂ ಇದ್ದಾರಾ, ಎಷ್ಟು ವರ್ಷದಿಂದ ಇದ್ದಾರೆ. ಕಟ್ಟಡದ ಬಣ್ಣ ಆಮೇಲೆ ನೋಡಿ.