ಹತ್ತರಲ್ಲಿ ಉಳಿದುಹೋದ ಮೂರು ಸೆಕೆಂಡು

ಪಿಸ್ತೂಲು ಗುರಿ ಅಭ್ಯಾಸದ ಒಂದು ಕಸರತ್ತಾದ ಬಿಲ್ ಡ್ರಿಲ್ಲಿನಲ್ಲಿ ನನ್ನ ಸಮಯ 4.3 ಸೆಕೆಂಡಿನಿಂದ 3.1ಕ್ಕೆ ಇಳಿದ ದಿನ ಬಹಳ ಬೀಗಿದ್ದೆ. ಅದೇ ದಿನ, ಅದೇ ಪಿಸ್ತೂಲಿನಿಂದ 10 ಗಜ ದೂರದ ಬಿ-8 ಗುರಿಗೆ (ಅಂಕದ ವೃತ್ತಗಳಿರುವ ಕಾಗದ) ಹತ್ತು ಗುಂಡು ಹಾರಿಸಿದಾಗ ಬಂದದ್ದು 100ಕ್ಕೆ 71. ಬೀಗಿದ್ದೆಲ್ಲ ಇಳಿದುಹೋಯಿತು. ಆಮೇಲೆ ಮೂರು ತಿಂಗಳು, ವಾರಕ್ಕೊಮ್ಮೆ, ಮೂರು ಡ್ರಿಲ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ. ಪಿಸ್ತೂಲು ಒಂದೇ, 9 ಮಿ.ಮೀ.; ಬೀಪ್ ಕೊಟ್ಟು ಗುಂಡುಗಳ ಸಮಯ ಅಳೆಯುವ ಟೈಮರೂ ಒಂದೇ.

ಬಿಲ್ ಡ್ರಿಲ್ ಅಮೆರಿಕದ ಪಿಸ್ತೂಲು ತಯಾರಕ ಬಿಲ್ ವಿಲ್ಸನ್ ಅವರ ಹೆಸರಿನದು. 7 ಗಜ ದೂರ. ಬೀಪ್ ಕೇಳಿದೊಡನೆ ಹೋಲ್‌ಸ್ಟರಿನಿಂದ ಪಿಸ್ತೂಲು ತೆಗೆದು ಆರು ಗುಂಡು, ಆರೂ ಗುರಿಯ ನಡುವಿನ ಎ-ವಲಯದೊಳಗೆ ಬೀಳಬೇಕು. ಪಳಗಿದವರು ಎರಡು ಸೆಕೆಂಡಿನಲ್ಲಿ ಮುಗಿಸುತ್ತಾರೆ. ಇದು ಪರೀಕ್ಷಿಸುವುದು ಹಿಡಿತವನ್ನು. ನನ್ನ ಟೈಮರಿನಲ್ಲಿ ಗುಂಡಿನಿಂದ ಗುಂಡಿಗೆ ಅಂತರ 0.35, 0.38, 0.44 ಎಂದು ಬೆಳೆಯುತ್ತಾ ಹೋಗುತ್ತಿತ್ತು. ಎಡಗೈ ಸಡಿಲವಾಗಿ, ಪಿಸ್ತೂಲು ಅಂಗೈಯಲ್ಲಿ ಜಾರಿ, ಪ್ರತಿ ಸಲವೂ ಅದನ್ನು ಮತ್ತೆ ಕೂರಿಸಿಕೊಳ್ಳುತ್ತಿದ್ದೆ. ಎಡಗೈಯನ್ನು ಬಿಗಿಮಾಡಿದ ಮೇಲೆ ಅಂತರ ಸಮನಾಯಿತು. ಅಷ್ಟರ ಮಟ್ಟಿಗೆ ಇದಕ್ಕೆ ನಾನು ಋಣಿ. ಆದರೆ ಆ ವಲಯ ಅಂಗೈಗಿಂತ ಎಷ್ಟೋ ದೊಡ್ಡದು. 7 ಗಜದಲ್ಲಿ ಕೆಟ್ಟ ಟ್ರಿಗರ್ ಎಳೆತವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಹೊಗಳಿಕೆ ಬೇಕಾದ ದಿನಕ್ಕೆ ಒಳ್ಳೆಯ ಡ್ರಿಲ್.

ಡಾಟ್ ಟಾರ್ಚರ್ ಇದಕ್ಕೆ ತದ್ವಿರುದ್ಧ. 3 ಗಜದಲ್ಲಿ ಎರಡೆರಡು ಅಂಗುಲದ ಹತ್ತು ಚುಕ್ಕಿ, 50 ಗುಂಡು, ಸಮಯದ ಮಿತಿಯೇ ಇಲ್ಲ. ಮೂರು ಗಜವೇ ಎಂದು ನಗುವವರು ಎಂಟನೆಯ ಚುಕ್ಕಿಯವರೆಗೆ ಕಾಯಬೇಕು: ಅಲ್ಲಿ ಐದು ಗುಂಡನ್ನು ಎಡಗೈಯೊಂದರಲ್ಲೇ ಹಾರಿಸಬೇಕು (ಎಡಚರಿಗೆ ಬಲಗೈ). ನನ್ನ ಮೊದಲ ಪ್ರಯತ್ನದಲ್ಲಿ 41 ಬಂತು, ಕೊನೆಯಲ್ಲಿ 48. ಜಾಣತನ ತೋರಿಸಲು ಒಂದು ವಾರ ಇದಕ್ಕೂ ಟೈಮರ್ ಹಚ್ಚಿದೆ. 43ಕ್ಕೆ ಕುಸಿಯಿತು. ಮತ್ತೆ ಹಚ್ಚಲಿಲ್ಲ.

ನಿಜವಾಗಿ ನನ್ನನ್ನು ಬಯಲಿಗೆಳೆದದ್ದು ಮೂರನೆಯದು, ಹತ್ತು-ಹತ್ತು-ಹತ್ತು: 10 ಗಜ, 10 ಗುಂಡು, 10 ಸೆಕೆಂಡು. ಪಿಸ್ತೂಲು ಕೈಯಲ್ಲಿ ಸಿದ್ಧವಾಗಿಯೇ ಇರುತ್ತದೆ. ಬಿ-8ರ ಕಪ್ಪು ವೃತ್ತದ ಅಗಲ ಸುಮಾರು ಐದೂವರೆ ಅಂಗುಲ. ಅದರೊಳಗೆ ಬಿದ್ದರೆ 9 ಅಥವಾ 10 ಅಂಕ. ಲೆಕ್ಕ ಹಾಕಿದರೆ ಗುಂಡಿಗೊಂದು ಸೆಕೆಂಡು, ಧಾರಾಳ. ಆದರೂ ಬೀಪ್ ಕೇಳಿದೊಡನೆ ಯಾರೋ ಬೆನ್ನಟ್ಟಿದಂತೆ 6.8 ಸೆಕೆಂಡಿಗೇ ಮುಗಿಸಿ ನಿಲ್ಲುತ್ತಿದ್ದೆ. ಮೂರು ಸೆಕೆಂಡು ಕೈಯಲ್ಲೇ ಉಳಿದಿರುತ್ತಿತ್ತು, ಗುಂಡುಗಳೆಲ್ಲ ಎಡಕ್ಕೆ, ಕೆಳಕ್ಕೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದನ್ನು ಕಾಗದದ ಮೇಲೆ ಅಷ್ಟು ಅಚ್ಚುಕಟ್ಟಾಗಿ ತೂತು ಹೊಡೆದು ತೋರಿಸಿದ್ದು ಅದೊಂದೇ.

ಬಲಗೈಯವರ ಗುಂಡು ಎಡಕ್ಕೆ ಕೆಳಗೆ ಬಿದ್ದರೆ ಸಾಮಾನ್ಯವಾಗಿ ಸೈಟನ್ನು (ಪಿಸ್ತೂಲಿನ ಮೇಲೆ ಗುರಿ ಹಿಡಿಯುವ ಸಾಧನ) ದೂರಿ ಫಲವಿಲ್ಲ. ನಾನು ದೂರಿದ್ದೆ. ಜೊತೆಯಲ್ಲಿ ಬರುವ ಹಿರಿಯರೊಬ್ಬರು ಏನೂ ಹೇಳದೆ ನನ್ನ ಮ್ಯಾಗಜೀನ್ ಇಸಿದುಕೊಂಡು, ನಡುವೆ ಎಲ್ಲೋ ಎರಡು ಡಮ್ಮಿ ಗುಂಡು ಸೇರಿಸಿ ಕೊಟ್ಟರು. ನಾಲ್ಕನೆಯ ಸಲ ಟ್ರಿಗರ್ ಎಳೆದಾಗ ಬರೀ ‘ಟಕ್’ ಎಂದಿತು. ಹಾರದ ಗುಂಡಿಗೇ ನಳಿಗೆಯ ತುದಿ ಒಂದು ಅಂಗುಲ ಕೆಳಗೆ ಮುಗ್ಗರಿಸಿತು. ‘ಒದೆ ಬೀಳುವ ಮೊದಲೇ ಬಗ್ಗುತ್ತೀರಲ್ಲ’ ಎಂದರು. ನಾಚಿಕೆಯಾಯಿತು, ಆದರೆ ಸೈಟಿನ ಮಾತು ಅಲ್ಲಿಗೆ ಮುಗಿಯಿತು.

ಅದರ ಮದ್ದು ಸಿಕ್ಕಿದ್ದು ಮನೆಯಲ್ಲಿ, ಖಾಲಿ ಪಿಸ್ತೂಲಿನಲ್ಲಿ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿ, ಚೇಂಬರನ್ನು (ಗುಂಡು ಕೂರುವ ಗೂಡು) ಕಣ್ಣಿಂದಲೂ ಬೆರಳಿಂದಲೂ ನೋಡಿ, ಎದುರಿಗೆ ಗಟ್ಟಿ ಗೋಡೆ. ಈ ಕ್ರಮ ಒಂದು ದಿನವೂ ತಪ್ಪಬಾರದು. ಸೈಟು ಅಲುಗಾಡದಂತೆ ದಿನಕ್ಕೆ ಹತ್ತು ನಿಮಿಷ ಟ್ರಿಗರ್ ಎಳೆದೆ. ಒದೆತ ಇಲ್ಲದ್ದರಿಂದ ಹಿಡಿತದ ಬಗ್ಗೆ ಇದು ಏನನ್ನೂ ಕಲಿಸದು. ಬೆರಳಿಗೆ ಮಾತ್ರ ಇದರಷ್ಟು ಅಗ್ಗದ ಗುರು ಇಲ್ಲ.

ಟೈಮರಿನ ಬಗ್ಗೆ ಒಂದು ಮಾತು: ಅದು ಶಬ್ದವನ್ನು ಕೇಳಿ ಲೆಕ್ಕ ಇಡುವ ಯಂತ್ರ. ಒಳಾಂಗಣ ರೇಂಜಿನಲ್ಲಿ ಪಕ್ಕದವರ ಗುಂಡನ್ನೂ ನನ್ನ ಖಾತೆಗೇ ಬರೆಯುತ್ತದೆ. ಸಂವೇದನೆಯನ್ನು ಇಳಿಸಿಕೊಳ್ಳದಿದ್ದರೆ ಹತ್ತು ಗುಂಡಿಗೆ ಹದಿಮೂರು ತೋರಿಸೀತು.

ಈಗ ರೇಂಜಿಗೆ ಹೋದೊಡನೆ, ಕೈ ಇನ್ನೂ ತಣ್ಣಗಿರುವಾಗಲೇ ಹತ್ತು-ಹತ್ತು-ಹತ್ತು ಮಾಡುತ್ತೇನೆ. ಅಲ್ಲಿ 90 ದಾಟಿದರೆ ಮಾತ್ರ ಬಿಲ್ ಡ್ರಿಲ್. ಇಲ್ಲದಿದ್ದರೆ ಉಳಿದ ಗುಂಡೆಲ್ಲ ಚುಕ್ಕಿಗಳಿಗೆ. ಕಳೆದ ವಾರ 9.4 ಸೆಕೆಂಡಿನಲ್ಲಿ 92 ಬಂತು. ಬಿಲ್ ಡ್ರಿಲ್ಲಿನ ಸಮಯ ಮಾತ್ರ 3.4ಕ್ಕೆ ಏರಿದೆ. ಆದರೆ ಆರು ತೂತುಗಳನ್ನೂ ಈಗ ಒಂದು ಅಂಗೈಯಿಂದ ಮುಚ್ಚಬಹುದು.