ಮಳೆಗಾಲದ ಸಂತೆಯಲ್ಲಿ ಇನ್ನೂರರ ನೋಟು

2017ರ ಆಗಸ್ಟ್ 25ರಂದು ಇನ್ನೂರರ ನೋಟು ಬರುವ ತನಕ ನೂರಕ್ಕೂ ಐನೂರಕ್ಕೂ ನಡುವೆ ಯಾವ ನೋಟೂ ಇರಲಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮುನ್ನೂರರ ವ್ಯಾಪಾರಕ್ಕೆ ಐನೂರು ಕೊಟ್ಟರೆ ಈಗ ಒಂದೇ ನೋಟು ವಾಪಸು ಕೊಟ್ಟರಾಯಿತು. ಅಷ್ಟಕ್ಕೇ ಇದು ಒಳ್ಳೆಯ ನೋಟು.

ಮುದ್ರಣವೂ ಚೆನ್ನಾಗಿದೆ. ನಡುವಿನ ಗಾಂಧೀಜಿ ಮುಖ ಉಬ್ಬುಮುದ್ರಣದ್ದು, ಹೊಸ ನೋಟಿನಲ್ಲಿ ಬೆರಳಿಗೆ ಗೊತ್ತಾಗುತ್ತದೆ. ಇದು ಕಲಾವಿದರ ಕಲ್ಪನೆಯಲ್ಲ. 1946ರಲ್ಲಿ ಬ್ರಿಟಿಷ್ ಸಚಿವ ಲಾರ್ಡ್ ಪೆಥಿಕ್-ಲಾರೆನ್ಸ್ ಜೊತೆ ನಿಂತಾಗ ತೆಗೆದ ಫೋಟೋದಿಂದ ಬಂದ ನಗು. ಗಾಂಧೀಜಿ ಸಾಗರಕ್ಕೆ ಬಂದದ್ದು 1927ರಲ್ಲಿ. ನಮ್ಮ ಹಿರಿಯರು ಕಂಡ ಮುಖಕ್ಕಿಂತ ನೋಟಿನ ಮುಖಕ್ಕೆ ಹತ್ತೊಂಬತ್ತು ವರ್ಷ ಹೆಚ್ಚು. ಹಿಂಬದಿಯಲ್ಲಿ ಸಾಂಚಿ ಸ್ತೂಪ. ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲು ಕನ್ನಡ.

ತೊಂದರೆ ಇರುವುದು ಬಣ್ಣದಲ್ಲಿ. 2019ರಲ್ಲಿ ಬಂದ ಇಪ್ಪತ್ತರ ನೋಟು ಹಸಿರು ಮಿಶ್ರಿತ ಹಳದಿ, ಇದು ಗಾಢ ಹಳದಿ. ಆಷಾಢದ ಮಳೆಯಲ್ಲಿ, ಟಾರ್ಪಾಲಿನ ಕೆಳಗೆ, ಕರೆಂಟಿಲ್ಲದ ಸಂಜೆ ಎರಡೂ ಒಂದೇ ಥರ ಕಾಣುತ್ತವೆ. ಇಪ್ಪತ್ತರದ್ದು 129 ಮಿ.ಮೀ. ಉದ್ದ, 63 ಅಗಲ. ಇನ್ನೂರರದ್ದು 146 ಮತ್ತು 66. ಬಿಚ್ಚಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ, ನಾಲ್ಕಾಗಿ ಮಡಚಿದರೆ ಇಲ್ಲ. ಆದ್ದರಿಂದ ಮಡಚಿದ ಹಳದಿ ನೋಟನ್ನು ಬಿಚ್ಚದೆ ಕೊಡಬೇಡಿ, ತಗೊಳ್ಳಲೂ ಬೇಡಿ. ಬಿಚ್ಚಿ ಎರಡೂ ತುದಿ ಸವರಿ: ಇನ್ನೂರರದ್ದಾದರೆ ನಾಲ್ಕು ಓರೆಗೆರೆ, ನಡುವೆ ಎರಡು ಸೊನ್ನೆ ಉಬ್ಬಿರುತ್ತವೆ. ಇಪ್ಪತ್ತರಲ್ಲಿ ಆ ಗೆರೆಗಳೇ ಇಲ್ಲ. ಕೆಳಗೆ ಬಲಗಡೆಯ ₹200 ಅಂಕಿ ಓರೆ ಮಾಡಿದಾಗ ಹಸಿರಿನಿಂದ ನೀಲಿಗೆ ತಿರುಗಬೇಕು. ತಿರುಗದಿದ್ದರೆ ನೋಟು ವಾಪಸು ಕೊಡಿ.

ಕಣ್ಣು ಕಾಣದವರಿಗೆ ಬಲಬದಿಯಲ್ಲಿ ಉಬ್ಬಿದ 'ಎಚ್' ಗುರುತಿದೆ. ನೂರರಲ್ಲಿ ತ್ರಿಕೋನ, ಐನೂರರಲ್ಲಿ ವೃತ್ತ. ಆದರೆ ಕೈಯಿಂದ ಕೈಗೆ ಹೋಗಿ, ಥಂಡಿ ಹಿಡಿದು ಮೆತ್ತಗಾದ ನೋಟಿನಲ್ಲಿ ಈ ಉಬ್ಬು ಸವೆದಿರುತ್ತದೆ. ಉದ್ದ ಅಳೆಯೋಣವೆಂದರೆ ನೂರು, ಇನ್ನೂರು, ಐನೂರರ ನಡುವೆ ಬರೀ ನಾಲ್ಕು ನಾಲ್ಕು ಮಿ.ಮೀ. ಅಂತರ. ಇದು ಸಣ್ಣ ಕೊರತೆಯಲ್ಲ. ರಿಸರ್ವ್ ಬ್ಯಾಂಕಿನ 'ಮಣಿ' ಆ್ಯಪ್ ನೋಟನ್ನು ನೋಡಿ ಮೌಲ್ಯ ಹೇಳುತ್ತದೆ. ಇಂಟರ್ನೆಟ್ ಬೇಡ, ಹಾಗಾಗಿ ನೆಟ್‌ವರ್ಕ್ ಸಿಗದ ಘಟ್ಟದ ಊರಿಗೂ ಆದೀತು.

ಕಾಗದ ಹತ್ತಿಯದ್ದು, ನೆನೆದರೆ ಕರಗುವುದಿಲ್ಲ. ಹತ್ತಿಬಟ್ಟೆಯ ನಡುವೆ ಒತ್ತಿ, ನೆರಳಲ್ಲಿ ಒಣಗಿಸಿ. ಬಚ್ಚಲೊಲೆಯ ಮೇಲಿಟ್ಟರೆ, ಇಸ್ತ್ರಿ ಹಾಕಿದರೆ ಒಳಗಿನ ಪ್ಲಾಸ್ಟಿಕ್ ಎಳೆ ಮುದುಡಿ ನೋಟು ಸುರುಳಿಯಾಗುತ್ತದೆ. ಅಡಿಕೆ ಚೊಗರಿನ ಕಲೆ ಹೋಗುವುದಿಲ್ಲ. ಬ್ಲೀಚ್ ಹಾಕಿ ತಿಕ್ಕಿದರೆ ಕಲೆಗಿಂತ ಮುಂಚೆ ಮುದ್ರಣವೇ ಹಾಳು. ಕಲೆಯಾದ ನೋಟನ್ನು ಹಾಗೇ ಬ್ಯಾಂಕಿಗೆ ಕೊಟ್ಟು ಬದಲಾಯಿಸಿಕೊಳ್ಳಿ.

ಹರಿದ ಇನ್ನೂರಕ್ಕೆ ನಿಯಮವೇ ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಉಳಿದ ಒಂದೇ ದೊಡ್ಡ ತುಂಡು ಶೇ. 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಹಣ, 40ರಿಂದ 80ರೊಳಗಿದ್ದರೆ ಅರ್ಧ, ಅದಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ಎರಡು ತುಂಡಾಗಿದ್ದರೆ ಎರಡನ್ನೂ ಎತ್ತಿಟ್ಟುಕೊಂಡು ಒಟ್ಟಿಗೇ ಒಯ್ಯಿರಿ.